ಗಡಿಯಾರ ವಾಪಸ್ ಬಂತು, ರೈಲು ಬರಲಿಲ್ಲ

ನನ್ನ ಫೋನಿನಲ್ಲಿ ಬಫಲೋ ಸೆಂಟ್ರಲ್ ಟರ್ಮಿನಲ್‌ನ ನಲವತ್ತು ಫೋಟೋ ಇವೆ. ಒಂದರಲ್ಲೂ ಮನುಷ್ಯರಿಲ್ಲ. ಯಾರಾದರೂ ಅಡ್ಡ ಬಂದರೆ ಅವರು ಸರಿಯುವವರೆಗೂ ಕಾದು ತೆಗೆದವು. ಹಾಗೆ ಅಡ್ಡ ಬಂದವರಲ್ಲಿ ಹೆಚ್ಚಿನವರು ಆ ಕಟ್ಟಡದ ವಾಲಂಟಿಯರ್‌ಗಳು, ಅದನ್ನು ಗುಡಿಸಿ ಒರೆಸಿ ಉಳಿಸಿದವರು ಅಂತ ಆಮೇಲೆ ಹೊಳೆದು ನಾಚಿಕೆಯಾಯ್ತು. ಪಾಳು ಸ್ಟೇಷನ್ನನ್ನು ಇಷ್ಟಪಡುವ ನಮ್ಮ ಅಭಿರುಚಿಯ ಮೇಲೆ ನನ್ನ ಮೊದಲ ತಕರಾರು ಇದೇ: ನಮಗೆ ಪಾಳು ಬೇಕು, ಜನ ಬೇಡ.

ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಈ ಸ್ಟೇಷನ್ ಶುರುವಾಗಿದ್ದು 1929ರ ಜೂನ್‌ನಲ್ಲಿ. ದಿನಕ್ಕೆ ಇನ್ನೂರು ರೈಲು ಬರುತ್ತವೆ ಅಂತ ಲೆಕ್ಕ ಹಾಕಿ ಕಟ್ಟಿದ್ದು. ಜೊತೆಗೆ 17 ಅಂತಸ್ತಿನ ಗೋಪುರ. ನಾಲ್ಕೇ ತಿಂಗಳಿಗೆ ಷೇರು ಮಾರುಕಟ್ಟೆ ಕುಸಿಯಿತು. ಆಮೇಲೆ ಕಾರು ಬಂತು, ವಿಮಾನ ಬಂತು. 1979ರ ಅಕ್ಟೋಬರ್‌ನಲ್ಲಿ ಕೊನೆಯ ರೈಲು ಹೊರಟಿತು. ಮಿಕ್ಕಿದ್ದನ್ನು ದೋಚೋರು ನೋಡಿಕೊಂಡರು. ದೀಪ, ಅಲಂಕಾರ, ಕಡೆಗೆ ಹಾಲ್‌ನ ಮಧ್ಯೆ ನಿಂತಿದ್ದ ದೊಡ್ಡ ಗಡಿಯಾರವೂ ಹೋಯ್ತು.

1997ರಲ್ಲಿ ಊರಿನ ಒಂದಿಷ್ಟು ಜನ ಲಾಭದಾಸೆಯಿಲ್ಲದ ಸಂಸ್ಥೆ ಕಟ್ಟಿ ಇಡೀ ಸ್ಟೇಷನ್ನನ್ನು ಒಂದು ಡಾಲರ್‌ಗೆ ಕೊಂಡರು. ಅಗ್ಗ ಅಂತ ಅನ್ನಿಸುತ್ತೆ ಅಲ್ವಾ? ಹಳೆಯ ತೆರಿಗೆ ಬಾಕಿಯೂ ಅದರ ಜೊತೆಗೇ ಬಂತು. ಅವರು ಮೊದಲು ಮಾಡಿದ್ದು ಫೋಟೋಗೆ ಒದಗುವ ಕೆಲಸವಲ್ಲ. ಕಸ ಹೊತ್ತು ಹಾಕಿದರು, ಒಡೆದ ಕಿಟಕಿ ಮುಚ್ಚಿದರು, ನೀರು ಒಳಗೆ ಸೋರದ ಹಾಗೆ ನೋಡಿಕೊಂಡರು. ಹಳೆಯ ಕಟ್ಟಡ ತಿಳಿದವರು ಹೇಳೋದು ಇದನ್ನೇ: ಮೊದಲು ಸೂರು, ಆಮೇಲೆ ಸೊಬಗು. ಗಡಿಯಾರ ಷಿಕಾಗೋದಲ್ಲಿ ಮಾರಾಟಕ್ಕಿದೆ ಅಂತ ಗೊತ್ತಾದಾಗ ಊರಿನವರು ಚಂದಾ ಎತ್ತಿ, ಸುಮಾರು 25,000 ಡಾಲರ್ ಕೊಟ್ಟು ಬಿಡಿಸಿಕೊಂಡು ಬಂದರು. ಈಸ್ಟರ್ ಮರುದಿನ ಪೋಲಿಷ್ ಮೂಲದವರ ಡಿಂಗಸ್ ಡೇ. ಒಬ್ಬರ ಮೇಲೊಬ್ಬರು ನೀರು ಎರಚೋದು, ನಮ್ಮ ಓಕುಳಿ ಥರಾನೇ. ಆ ಹಬ್ಬದ ಪಾರ್ಟಿ ಕೂಡ ಇಲ್ಲೇ ನಡೆಯತೊಡಗಿತು. ಕುಡಿದು ಕುಣಿದವರ ಟಿಕೆಟ್ ದುಡ್ಡಲ್ಲಿ ಚಾವಣಿ ರಿಪೇರಿ, ಇದಕ್ಕಿಂತ ಒಳ್ಳೆ ಸಂರಕ್ಷಣಾ ನೀತಿ ನನಗಂತೂ ಗೊತ್ತಿಲ್ಲ.

ಇಷ್ಟಾದರೂ ರೈಲು ಬರಲಿಲ್ಲ. ಊರಿಗೆ ಹೊಸ ಸ್ಟೇಷನ್ ಎಲ್ಲಿರಬೇಕು ಅನ್ನೋ ಪ್ರಶ್ನೆ ಎದ್ದಾಗ ಸೆಂಟ್ರಲ್ ಟರ್ಮಿನಲ್ಲಿಗೇ ಕೊಡಿ ಅಂತ ಜನ ಒತ್ತಾಯಿಸಿದರು. 2017ರಲ್ಲಿ ಸಮಿತಿ ಆರಿಸಿದ್ದು ಪೇಟೆ ನಡುವಿನ ಜಾಗವನ್ನು. 2020ರಲ್ಲಿ ಅಲ್ಲಿ ಹೊಸ ಸ್ಟೇಷನ್ ಶುರುವಾಯ್ತು. ಸಮಿತಿಯವರು ರಸಹೀನರು ಅಂತ ಬೈಯೋದು ಸುಲಭ. ಆದರೆ ಲಗೇಜು ಹಿಡಿದ ಪ್ರಯಾಣಿಕ ಇಳಿದ ಮೇಲೆ ಎಲ್ಲಿಗೆ ಹೋಗ್ತಾನೆ ಅನ್ನೋದು ನ್ಯಾಯವಾದ ಪ್ರಶ್ನೆ. ಎಷ್ಟು ಎತ್ತರದ ಕಮಾನು ತೋರಿಸಿದರೂ ಅದಕ್ಕೆ ಉತ್ತರವಾಗಲ್ಲ. ಸ್ಟೇಷನ್ ಎಷ್ಟು ಚಂದ ಅಂತ ನಾವು ಹೇಳಿದ್ದು ಹೆಚ್ಚಾಯ್ತು, ಯಾರಿಗೆ ಬೇಕು ಅಂತ ಹೇಳಿದ್ದು ಕಮ್ಮಿ. 'ನಾವು' ಅಂದದ್ದು ಬೇಕಂತಲೇ. ನನ್ನ ಫೋಟೋಗಳೂ ಹೇಳೋದು ಅದನ್ನೇ.

ಯಾರಿಗೆ ಬೇಕು ಅನ್ನೋದಕ್ಕೆ ಉತ್ತರ ಬೀದಿಯ ಆಚೆಗೇ ಇದೆ. ಒಂದು ಕಾಲಕ್ಕೆ ಪೋಲಿಷ್ ಕಾರ್ಮಿಕರ ಕೇರಿಯಾಗಿದ್ದ ಬ್ರಾಡ್‌ವೇ-ಫಿಲ್‌ಮೋರ್‌ಗೆ ಈಗ ನ್ಯೂಯಾರ್ಕ್ ನಗರದ ಬಾಡಿಗೆ ತಾಳಲಾರದ ಬಾಂಗ್ಲಾದೇಶಿ ಕುಟುಂಬಗಳು ಬಂದು ಹಳೆಯ ಮನೆಗಳನ್ನು ಕೊಂಡು ರಿಪೇರಿ ಮಾಡಿಸಿಕೊಂಡಿವೆ. ಕೆಲವು ಹಳೆಯ ಚರ್ಚುಗಳು ಮಸೀದಿಗಳಾಗಿವೆ. ಅವರನ್ನು ಪಾರಂಪರಿಕ ಕಟ್ಟಡ ಸಂರಕ್ಷಕರು ಅಂತ ಯಾರೂ ಕರೆಯಲ್ಲ. 2022ರಲ್ಲಿ ರಾಜ್ಯ ಸರ್ಕಾರ ಟರ್ಮಿನಲ್‌ಗೆ 61 ಮಿಲಿಯನ್ ಡಾಲರ್ ಘೋಷಿಸಿತು. ಸಂತೋಷ. ಆ ದುಡ್ಡಲ್ಲಿ ಸಿದ್ಧವಾಗೋದು ಹೊರಗಿನವರ ಮದುವೆ ಹಾಲ್ ಮಾತ್ರವೋ, ಪಕ್ಕದ ಮನೆಯವರೂ ಸಂಜೆ ಹೊತ್ತು ಮಕ್ಕಳನ್ನು ಕರಕೊಂಡು ಬರೋ ಜಾಗವೋ, ನಾನು ಈಗ ಕೇಳೋದು ಇದೊಂದನ್ನೇ.

ಬೆಂಗಳೂರು-ಚಿಕ್ಕಬಳ್ಳಾಪುರ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್‌ಗಳ ನೂರು ವರ್ಷ ಹಳೆಯ ಸ್ಟೇಷನ್ ಕಟ್ಟಡಗಳ ಬಗ್ಗೆ ಮಾತು ಬಂದಾಗಲೂ ನಾವು ಮೊದಲು ಹೇಳೋದು ಕೆಫೆ, ಮ್ಯೂಸಿಯಂ. ಟೈಮ್‌ಟೇಬಲ್ ವಿಷಯ ಯಾರೂ ಎತ್ತಲ್ಲ.

ಟೂರ್ ಮುಗಿಸಿ ಹೊರಗೆ ಬಂದಾಗ ಹಳಿ ಮೇಲೆ ಸದ್ದಾಯ್ತು. ಆಮ್‌ಟ್ರ್ಯಾಕ್ ಇವತ್ತಿಗೂ ಸೆಂಟ್ರಲ್ ಟರ್ಮಿನಲ್ ಪಕ್ಕದಲ್ಲೇ ಹಾದು ಹೋಗುತ್ತೆ, ನಿಲ್ಲಲ್ಲ ಅಷ್ಟೆ. ವಯಸ್ಸಾದ ವಾಲಂಟಿಯರ್ ಒಬ್ಬರು ಕೈಯಲ್ಲಿದ್ದ ಪೊರಕೆ ಎತ್ತಿ ಬೀಸಿದರು. ನಲವತ್ತೊಂದನೇ ಫೋಟೋಗೆ ಕೈ ಹೋಯ್ತು, ತೆಗೆಯಲಿಲ್ಲ.