ಸತ್ಯಭಾಮೆ ಚಾಚಿದ ಕೈ

ಗೋಕಾಕ ಸೀಮೆಯ ಅಂಕಲಗಿಯಲ್ಲಿ ನಾನು ಮೊದಲ ಸಲ ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟ ನೋಡಿದಾಗ ಏಳನೆಯ ಇಯತ್ತೆಯಲ್ಲಿದ್ದೆ. ಬಿಳಿಜೋಳದ ರಾಶಿ ಮುಗಿದು ಊರ ಮಂದಿ ತುಸು ಹಗುರಾಗಿದ್ದ ದಿನಗಳು. ಕಂಬಳಿ ಬಗಲಲ್ಲಿ ಹಿಡಿದು ಅಜ್ಜಿಯ ಬೆನ್ನು ಹತ್ತಿ ಹೋಗಿ ಅಟ್ಟದ ಮುಂದೆ ಕೂತವನು, ನಾರದ ಹೂ ತರುವ ಹೊತ್ತಿಗೆಲ್ಲ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ನಸುಕು ಹತ್ತಿರ ಬಂದಿತ್ತು. ಅಟ್ಟದ ಮೇಲೆ ಇಬ್ಬರೇ ಇದ್ದರು. ಕೊರವಂಜಿ ಬುಟ್ಟಿ ಇಳಿಸಿ ಕೂತಿದ್ದಳು. ಎದುರಿಗೆ ಸತ್ಯಭಾಮೆ. ಪಾತ್ರ ಮಾಡಿದಾಕೆಗೆ ಐವತ್ತು ದಾಟಿರಬೇಕು. ಮುಖದ ಬಣ್ಣ ಬೆವರಿಗೆ ಗೆರೆಗೆರೆಯಾಗಿ ಇಳಿದಿತ್ತು. ಕೈಗೆ ಬಣ್ಣವಿರಲಿಲ್ಲ, ಅದು ರೊಟ್ಟಿ ಬಡಿದ, ಕಸ ತೆಗೆದ ಕೈ. ಕಣಿ ಕೇಳಲು ಆ ಕೈ ಮುಂದೆ ಬಂತು, ಅರ್ಧಕ್ಕೆ ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂತು. ಪೇಟಿಯವನು ಒಂದೇ ಸ್ವರ ಒತ್ತಿ ಹಿಡಿದು ಕಾಯುತ್ತಿದ್ದ.

ಕೊರವಂಜಿಯ ವೇಷದಲ್ಲಿ ಬಂದವನು ಕೃಷ್ಣನೇ ಎಂದು ನನಗೂ ಗೊತ್ತಿತ್ತು. "ಆಕಿಗೆ ಗೊತ್ತಾಗವಲ್ದೇನಬೇ?" ಎಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ಅಟ್ಟದ ಮೇಲಿನ ಕಣ್ಣು ಕೀಳದೆ, "ಗೊತ್ತೈತಿ. ಗೊತ್ತಿದ್ದೂ ಹೇಳಾಕತ್ತಾಳ ತಗಿ" ಎಂದಳು.

ಪಾರಿಜಾತದ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಅಜ್ಜಿಯ ಈ ಮಾತಿಗೆ ಎದುರಾಗಿಯೇ ಇದೆ. ಪಠ್ಯ ಹಿಡಿದು ನೋಡಿದರೆ ಸತ್ಯಭಾಮೆ ಮೋಸ ಹೋಗುವವಳು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿದು ಬಾಗಿಲು ಹಾಕಿಕೊಳ್ಳುತ್ತಾಳೆ, ಗಂಡ ಕೊರವಂಜಿಯಾಗಿ ಬಂದು ಅವಳ ಮನಸ್ಸಿನ ಗುಟ್ಟನ್ನೆಲ್ಲ ಅವಳ ಬಾಯಿಂದಲೇ ಹೊರಡಿಸುತ್ತಾನೆ, ಕೊನೆಗೆ ಅವಳ ಗರ್ವ ಇಳಿಯುತ್ತದೆ. ವಿದ್ವಾಂಸರು ಇದನ್ನು ಭಕ್ತಿಯ ಕಥೆ ಎಂದರು, ಅಹಂಕಾರ ಕರಗುವ ಕಥೆ ಎಂದರು. ಆದರೆ ನಮ್ಮ ಸೀಮೆಯ ಹೆಂಗಸರು ರಾತ್ರಿಯಿಡೀ ಕೂತು ನೋಡಿದ್ದು ಬೇರೆಯದೇ ಆಟ. ಆ ಆಟ ಹಾಡಿನ ಪುಸ್ತಕದಲ್ಲಿ ಸಿಗುವುದಿಲ್ಲ. ಅದನ್ನು ಕಟ್ಟಿದವರು ನಟಿಯರು. ಪಾರಿಜಾತ ಪರಂಪರೆಯನ್ನು ತೂಗುವಾಗ ನಾವು ಇಷ್ಟು ದಿನ ಬಿಟ್ಟುಬಂದದ್ದು ಇವರನ್ನೇ ಎಂಬುದು ನನ್ನ ತಕರಾರು.

ಈ ಆಟದ ಚರಿತ್ರೆ ಬರೆಯುವವರು ಇಬ್ಬರು ತಮ್ಮಣ್ಣರಿಂದ ಶುರುಮಾಡುತ್ತಾರೆ. ಪದಗಳನ್ನು ಕಟ್ಟಿದವನು ಅಪರಾಳ ತಮ್ಮಣ್ಣ. ಅದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಆಟದ ಮೈ ಕೊಟ್ಟು, ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಇಲ್ಲಿಯದೇ, ಗೋಕಾಕ-ಮೂಡಲಗಿ ಸೀಮೆಯ ಊರು. ಘಟಪ್ರಭೆಯ ಎರಡೂ ದಂಡೆಗೆ ಸಣ್ಣಾಟದ ಬೀಜ ಬಿದ್ದಂತೆ ಬೇರೆ ಎಲ್ಲಿಯೂ ಬಿದ್ದಿಲ್ಲ ಎನ್ನಬಹುದು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟ ನೋಡುತ್ತ ಬೆಳೆದರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಸಂಶೋಧನೆ ಮಾಡಿದರು, ಅದೇ ಲಯವನ್ನು 'ಜೋಕುಮಾರಸ್ವಾಮಿ'ಗೆ ತಂದರು, ಜ್ಞಾನಪೀಠದವರೆಗೆ ನಡೆದರು. ಬರೆದವರ ಹೆಸರು ಉಳಿಯುತ್ತದೆ. ತಮ್ಮಣ್ಣರ ಹೆಸರೂ ಉಳಿಯಿತು, ಉಳಿಯಬೇಕಾದದ್ದೇ.

ಇವರ ನಡುವೆ ಉಳಿದ ಹೆಣ್ಣಿನ ಹೆಸರು ಕೌಜಲಗಿ ನಿಂಗಮ್ಮ. ಕೌಜಲಗಿಯ ಈಕೆ ಪಾರಿಜಾತದ ಮೇಳಕ್ಕೆ ತಾನೇ ಒಡತಿಯಾಗಿ ನಿಂತು ಆಟ ಆಡಿಸಿದಳು. ಮುಂಚೆ ಗಂಡಸರು ಸೀರೆ ಉಟ್ಟು ಮಾಡುತ್ತಿದ್ದ ಪಾತ್ರಗಳಿಗೆ ಹೆಣ್ಣು ಬಂದದ್ದಷ್ಟೇ ದೊಡ್ಡ ಮಾತಾಗಿದ್ದ ಕಾಲದಲ್ಲಿ, ವೀಳ್ಯ ಹಿಡಿಯುವವಳು, ಮೇಳ ಸಾಕುವವಳು ಹೆಣ್ಣೇ ಆದಳು. ಇವತ್ತಿಗೂ ಹಳೆಯ ಮಂದಿ "ನಿಂಗವ್ವನ ಪಾರಿಜಾತ" ಎಂದೇ ಹೇಳುತ್ತಾರೆ. ಕೃಷ್ಣನ ಪಾರಿಜಾತ, ತಮ್ಮಣ್ಣನ ಪಾರಿಜಾತ, ಅದು ನಿಂಗವ್ವನದಾಯಿತು. ಜನರ ಬಾಯಲ್ಲಿ ಒಡೆತನ ಹೀಗೆ ಕೈಬದಲಾದದ್ದನ್ನು ವಿಮರ್ಶೆ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಒಡೆತನ ಯಾಕೆ ಕೈಬದಲಾಯಿತು ಎಂಬುದಕ್ಕೆ ಆಟದ ಕಟ್ಟಡದಲ್ಲೇ ಕಾರಣವಿದೆ. ಕರಾವಳಿಯ ಯಕ್ಷಗಾನದಲ್ಲಿ ಪದ ಹೇಳುವವನು ಭಾಗವತ. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ದನಿ ಒಬ್ಬನದು, ಮೈ ಇನ್ನೊಬ್ಬನದು. ಪಾರಿಜಾತದಲ್ಲಿ ಪಾತ್ರವೇ ಹಾಡಬೇಕು. ಸತ್ಯಭಾಮೆ ತನ್ನ ಸಿಟ್ಟನ್ನು ತಾನೇ ಹಾಡಿ, ತಾನೇ ಮಾತಾಡಿ, ತಾನೇ ಅಳಬೇಕು. ಪೇಟಿ, ತಬಲಾ, ತಾಳ ಎಲ್ಲವೂ ಅವಳ ಉಸಿರಿಗೆ ಕಾಯುತ್ತವೆ. ಎಲ್ಲಿ ನಿಲ್ಲಬೇಕು, ಯಾವ ಶಬ್ದವನ್ನು ನಾಕು ಸಲ ಹೊರಳಿಸಬೇಕು, ಯಾವುದನ್ನು ನುಂಗಬೇಕು ಎಂಬುದೆಲ್ಲ ಅವಳ ಕೈಯಲ್ಲಿ. ಇಲ್ಲಿ ಭಾಗವತ ಕೇಳುವವನು, ಕೆಣಕುವವನು, ಒಮ್ಮೊಮ್ಮೆ ದೂತ. ಅವನು ಎಷ್ಟು ಚೆನ್ನಾಗಿ ಕೆಣಕುತ್ತಾನೋ ಅಷ್ಟು ಚೆನ್ನಾಗಿ ಅವಳು ಎದುರು ಹೇಳುತ್ತಾಳೆ. ಗಂಡನ ಎರಡು ಮನೆಯ ಬದುಕನ್ನು ಹೆಂಡತಿಯೊಬ್ಬಳು ಊರಿನ ನಟ್ಟನಡುವೆ ನಿಂತು ಗಂಟೆಗಟ್ಟಲೆ ಪ್ರಶ್ನೆ ಮಾಡುವುದಕ್ಕೆ ನಮ್ಮಲ್ಲಿ ಬೇರೆ ಯಾವ ಜಾಗವಿತ್ತು? ದೊಡ್ಡಾಟದಲ್ಲಿ ಕಿರೀಟ, ಯುದ್ಧ, ಅಬ್ಬರ. ಪಾರಿಜಾತದಲ್ಲಿ ಒಂದು ಹೂವು, ಒಂದು ಮುಚ್ಚಿದ ಬಾಗಿಲು. ಮನೆಯ ಜಗಳ ಇಷ್ಟು ಹೊತ್ತು ನಿಲ್ಲಬೇಕಾದರೆ ಅದನ್ನು ಹಿಡಿದು ನಿಲ್ಲಿಸುವ ನಟಿ ಬೇಕೇ ಬೇಕು.

ಇನ್ನು ಇದೇ ಆಟದ ಗೊಲ್ಲತಿ. ಹಾಲು ಮೊಸರು ಮಾರಲು ಹೊರಟವಳನ್ನು ದಾರಿಯಲ್ಲಿ ತಡೆಯುತ್ತಾರೆ, ಅವಳು ಬಾಯಿ ಬಿಟ್ಟರೆ ತಡೆದವರೇ ಸೋಲಬೇಕು. ಬುಟ್ಟಿ ಹೊತ್ತು ಗೋಕಾಕ ಸಂತೆಗೆ ಹೋಗಿಬರುವ ಹೆಂಗಸರಿಗೆ ಇದು ಪುರಾಣವಾಗಿ ಕಂಡಿರಲಿಕ್ಕಿಲ್ಲ. ನನ್ನ ಅಜ್ಜಿ ಬೆಣ್ಣೆ ಮಾರಿ ಬರುತ್ತಿದ್ದಳು. ಗೊಲ್ಲತಿಯ ಮಾತಿಗೆ ಅವಳು ನಕ್ಕ ಹಾಗೆ ಮತ್ತೆ ಯಾವುದಕ್ಕೂ ನಕ್ಕಿದ್ದು ನಾನು ಕಂಡಿಲ್ಲ.

ಕೊರವಂಜಿಯ ಪ್ರಸಂಗಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಈ ಪರಂಪರೆಯ ಬಲ, ದೋಷ ಎರಡೂ ಅಲ್ಲಿ ಒಟ್ಟಿಗೇ ಕೂತಿವೆ. ಕಥೆಯ ಪ್ರಕಾರ ಅದು ಅನ್ಯಾಯದ ಪ್ರಸಂಗ. ಹೆಣ್ಣು ಇನ್ನೊಂದು ಹೆಣ್ಣೆಂದು ನಂಬಿ ಕೈ ಚಾಚುತ್ತಾಳೆ, ಆ ಕೈ ಹಿಡಿದವನು ಅವಳು ಯಾರ ಮೇಲೆ ದೂರು ಹೇಳುತ್ತಿದ್ದಾಳೋ ಅವನೇ. ದೂರು ಕೇಳುವ ಕಟ್ಟೆಯ ಮೇಲೆ ತಪ್ಪಿತಸ್ಥನೇ ಕೂತಿದ್ದಾನೆ. ದೇವರ ಲೀಲೆ ಎಂದು ಇದನ್ನು ದಾಟಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಸಾಧಾರಣ ಮೇಳದಲ್ಲಿ ಈ ಪ್ರಸಂಗ ಬರಿಯ ನಗೆಯಾಟವಾಗುತ್ತದೆ, ಕೊರವಂಜಿ ಸೊಂಟ ಕುಣಿಸಿ ಬಕ್ಷೀಸು ಗಿಟ್ಟಿಸುತ್ತಾಳೆ. ಆದರೆ ಒಳ್ಳೆಯ ನಟಿ ಸತ್ಯಭಾಮೆಯಾದಾಗ ಆ ಕೈ ಅರ್ಧಕ್ಕೆ ನಿಲ್ಲುತ್ತದೆ. ಆ ನಿಲುಗಡೆ ಪುಸ್ತಕದಲ್ಲಿಲ್ಲ. ಅಲ್ಲಿ ಅವಳು ಗುರುತು ಹಿಡಿದಿದ್ದಾಳೆ. ಗುರುತು ಹಿಡಿದೂ ಕೈ ಕೊಡುತ್ತಾಳೆ, ಗಂಡನ ಎದುರಿಗೆ ಹೇಳಲಾಗದ್ದನ್ನು ಈ ವೇಷದ ಎದುರಿಗಾದರೂ ಹೇಳಿಬಿಡುವೆ ಎಂದು. ಮೋಸ ಹೋಗುವವಳ ಪಾತ್ರವನ್ನು, ಮೋಸ ಗೊತ್ತಿದ್ದೂ ಅದನ್ನು ಬಳಸಿಕೊಳ್ಳುವವಳ ಪಾತ್ರವಾಗಿ ತಿರುಗಿಸಿದವರು ನಟಿಯರು. ಒಂದಕ್ಷರವನ್ನೂ ಬದಲಿಸದೆ ಒಂದು ಕೃತಿಯ ಅರ್ಥವನ್ನು ಮೊಗಚಿಹಾಕುವುದು ಸಣ್ಣ ಪ್ರತಿಭೆಯ ಕೆಲಸವಲ್ಲ.

ಅಮೆರಿಕದ ಲಿಲಿಯನ್ ಗಿಶ್ ಎಂಬ ನಟಿಯ ಚರಿತ್ರೆ ಓದುವಾಗ ನನಗೆ ಈ ಕೈ ನೆನಪಾಯಿತು. 1893ರಲ್ಲಿ ಹುಟ್ಟಿದವಳು, ಬಾಲ್ಯದಲ್ಲೇ ತಿರುಗುವ ನಾಟಕ ಮೇಳಗಳಲ್ಲಿ ಪಾತ್ರ ಮಾಡಿದವಳು, 1912ರಲ್ಲಿ ಮೂಕಿಚಿತ್ರಕ್ಕೆ ಬಂದು 1987ರವರೆಗೆ ನಟಿಸಿದಳು. 1920ರ 'ವೇ ಡೌನ್ ಈಸ್ಟ್' ಚಿತ್ರದಲ್ಲಿ ಅವಳು ತೇಲುವ ಹಿಮದ ಹಲಗೆಯ ಮೇಲೆ ಬಿದ್ದಿದ್ದಾಳೆ, ಒಂದು ಕೈ ನಿಜವಾದ ಹಿಮನೀರಿನಲ್ಲಿ ಇಳಿಬಿದ್ದಿದೆ. ಆ ಕೈಗೆ ಆದ ನೋವು ಬಹುಕಾಲ ಉಳಿಯಿತಂತೆ. ನೂರು ವರ್ಷ ಕಳೆದ ಮೇಲೂ ಅಂಕಲಗಿಯಲ್ಲಿ ಕೂತು ನಾನು ಆ ಕೈಯನ್ನು ನೋಡಬಲ್ಲೆ. ಅವಳ ಒಂದೊಂದು ಪಾತ್ರಕ್ಕೂ ತಾರೀಖು ಇದೆ, ಅವಳೇ ಬರೆದ ಆತ್ಮಕಥೆ ಇದೆ. ಕೌಜಲಗಿಯಿಂದ ಹೊರಟ ಚಕ್ಕಡಿ ಯಾವ ಯಾವ ಊರಿನಲ್ಲಿ ನಿಂತಿತು, ಯಾವ ರಾತ್ರಿ ಯಾರು ಸತ್ಯಭಾಮೆಯಾದರು ಎಂಬುದಕ್ಕೆ ಅಂಥ ಲೆಕ್ಕವಿಲ್ಲ.

ದೂರದವರೇಕೆ, ನಮ್ಮ ಕಡೆಯಿಂದ ಹೊರಹೋದವರಿಗೂ ಲೆಕ್ಕ ಸಿಕ್ಕಿತು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋದಳು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದಳು, ಮುಂದೆ ರಹಮತ್ ತರೀಕೆರೆಯವರು ಅವಳ ಬದುಕನ್ನು ಪುಸ್ತಕವಾಗಿಸಿದರು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಾಂತಾ ಹುಬಳೀಕರ 1939ರ 'ಮಾಣೂಸ್' ಚಿತ್ರದಲ್ಲಿ ನಟಿಸಿ ಮರಾಠಿಯಲ್ಲಿ ಆತ್ಮಕಥೆ ಬರೆದಳು. ಕಂಪನಿ ನಾಟಕದಲ್ಲಿ ಹೆಣ್ಣು ಪಾತ್ರಗಳಿಂದ ಹೆಸರಾದ ಏಣಗಿ ಬಾಳಪ್ಪನವರು ನೂರು ದಾಟಿ ಬಾಳಿ 2017ರಲ್ಲಿ ಹೋದರು. ಅವರ ನೆನಪುಗಳೂ ಅಚ್ಚಾದವು. ಗಡಿಯಾಚೆ ತಮಾಶಾದ ವಿಠಾಬಾಯಿ ನಾರಾಯಣಗಾಂವಕರ ಕಷ್ಟದಲ್ಲೇ ತೀರಿಕೊಂಡರೂ ಮಹಾರಾಷ್ಟ್ರ ಸರಕಾರ ಅವಳ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿತು. ಘಟಪ್ರಭೆಯ ದಂಡೆಯಲ್ಲೇ ಉಳಿದು, ಬಯಲಿನಲ್ಲೇ ಹಾಡಿದವರು ಮಾತ್ರ ಬಯಲಿಗೇ ಸಂದರು.

ಇದಕ್ಕೆ ಕಾರಣ ಬರಿಯ ದಾಖಲೆಯ ಕೊರತೆಯಲ್ಲ. ಈ ನಟಿಯರಲ್ಲಿ ಅನೇಕರು ದೇವರಿಗೆ ಬಿಟ್ಟ ಮನೆತನಗಳಿಂದ ಬಂದವರು. ತಾಯಿಯಿಂದ ಮಗಳಿಗೆ ಹಾಡು ಇಳಿದದ್ದು ಆ ಮನೆಗಳಲ್ಲಿ. 1934ರ ಮುಂಬಯಿ ಪ್ರಾಂತದ ಕಾಯ್ದೆ, 1982ರ ಕರ್ನಾಟಕದ ಕಾಯ್ದೆ ಆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದವು. ನಿಷೇಧ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಜೊತೆಗೆ ಆ ಹೆಂಗಸರ ಕಲೆಗೂ ನಾವು ನಾಚಿಕೆಯ ಮುಸುಕು ಹಾಕಿದೆವು. ಇರುಳಿನಲ್ಲಿ ಸತ್ಯಭಾಮೆಗೆ ಐದು ರೂಪಾಯಿ ಬಕ್ಷೀಸು ಕೂಗಿಸಿ ಹೆಸರು ಹೇಳಿಸಿಕೊಂಡವರು, ಬೆಳಗಾದರೆ ಅದೇ ಹೆಂಗಸಿಗೆ ಜಗಲಿಯ ಮೇಲೆ ಚಹಾ ಕೊಡಲು ಹಿಂದೆಮುಂದೆ ನೋಡಿದರು. ಮೊಮ್ಮಕ್ಕಳು ಅಜ್ಜಿಯ ಕಸುಬನ್ನು ಹೇಳಿಕೊಳ್ಳಲಾರದೆ ಹೋದರು. ಹೆಣ್ಣಿಗೆ ಎದುರು ಮಾತಾಡುವ ಹಕ್ಕನ್ನು ಅಟ್ಟದ ಮೇಲೆ ಕೊಟ್ಟ ಪರಂಪರೆ ಅಟ್ಟದಿಂದ ಇಳಿದವಳಿಗೆ ಅದನ್ನು ಕೊಡಲಿಲ್ಲ. ಪಾರಿಜಾತದ ಮೇಲಿನ ನನ್ನ ಪ್ರೀತಿ ಈ ಮಾತನ್ನು ಮುಚ್ಚಿಡುವಷ್ಟು ಕುರುಡಲ್ಲ.

ಈಗಿನ ಸ್ಥಿತಿ ಬೇರೆ ಬಗೆಯ ಸಂಕಟದ್ದು. ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಅಕಾಡೆಮಿ ಇದೆ, ತರಬೇತಿಗಳಾಗುತ್ತವೆ, ಹಿರಿಯರಿಗೆ ಗೌರವ ಸಿಗುತ್ತದೆ. ಇವೆಲ್ಲ ಬೇಕು. ಆದರೆ ಸಭಾಭವನದ ಕಾರ್ಯಕ್ರಮಕ್ಕೆ ಬಂದಾಗ ಇಡೀ ರಾತ್ರಿಯ ಆಟ ಒಂದು ತಾಸಿಗೆ, ಕೆಲವೊಮ್ಮೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಏನನ್ನು ಕತ್ತರಿಸುತ್ತಾರೆ ಎಂದು ನಾನು ಗಮನವಿಟ್ಟು ನೋಡಿದ್ದೇನೆ. ಗಣಸ್ತುತಿ ಉಳಿಯುತ್ತದೆ. ಕೃಷ್ಣನ ಪ್ರವೇಶ ಉಳಿಯುತ್ತದೆ. ಹೂ ಕೊಡುವುದು ಉಳಿಯುತ್ತದೆ. ಹೋಗುವುದು ಗೊಲ್ಲತಿಯ ಮಾತು, ಸತ್ಯಭಾಮೆಯ ದೂರಿನ ನಡುಭಾಗ, ಕೈ ನಿಂತು ಹೋಗುವ ಆ ಹೊತ್ತು. ಕಥೆ ಪೂರ್ತಿ ತಲುಪುತ್ತದೆ, ಅದನ್ನು ತಿರುಗಿಸಿದ ನಟನೆ ಬಿಟ್ಟುಹೋಗುತ್ತದೆ. ಮೈಕು ಬಂದ ಮೇಲೆ ಇನ್ನೊಂದು ಅನಾಹುತವೂ ಆಗಿದೆ. ನಟಿ ಒಂದೇ ಕಡೆ ನಿಂತು ಹಾಡಬೇಕು. ಮಂದಿಯ ಕಡೆ ಬೆನ್ನು ಮಾಡಿ ಮುನಿಸಿಕೊಳ್ಳುವ ಸತ್ಯಭಾಮೆಯನ್ನು ನಾನು ನೋಡಿ ಬಹಳ ವರ್ಷವಾಯಿತು. ಅವಧಿ ಕಡಿಮೆ ಮಾಡಲೇಬೇಕೆಂದರೆ ಕೊರವಂಜಿಯ ಪ್ರಸಂಗವೊಂದನ್ನೇ ತೆಗೆದುಕೊಂಡು, ಅದರ ಪೂರ್ಣ ನಡಿಗೆಯಲ್ಲಿ ಆಡಿಸಬಹುದಲ್ಲ ಎಂದು ನಾನು ಹೇಳುತ್ತಲೇ ಬಂದಿದ್ದೇನೆ.

ಹೋದ ವರ್ಷ ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ, ಹಿಂದೆ ಮೇಳದಲ್ಲಿದ್ದ ಮುದುಕಿಯೊಬ್ಬಳನ್ನು ಕಾಣಲು ಹೋಗಿದ್ದೆ. ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮೊದಲು ಏನೂ ನೆನಪಿಲ್ಲವೆಂದಳು. ಚಹಾ ಕುಡಿದು, ಶೇಂಗಾದ ಮೊರ ಪಕ್ಕಕ್ಕೆ ಸರಿಸಿ, ಪೇಟಿಯಿಲ್ಲ, ತಾಳವಿಲ್ಲ, ಗೊಲ್ಲತಿಯ ಪದ ಎತ್ತಿಕೊಂಡಳು. ಮೇಲಿನ ಸ್ವರಕ್ಕೆ ದನಿ ಹೋಗಲಿಲ್ಲ, ಅಲ್ಲಿ ಕೈಯನ್ನು ಎತ್ತಿ ತೋರಿಸಿದಳು. ಎರಡು ಸಾಲು ಹಾಡಿ ನಿಂತಳು, ನನ್ನನ್ನೇ ನೋಡುತ್ತ ಕೂತಳು. ಮರೆತಳೆಂದುಕೊಂಡು ನಾನೂ ಸುಮ್ಮನೆ ಕೂತೆ.

"ಇಲ್ಲಿ ಭಾಗವತ ಕೇಳಬೇಕ್ ತಮ್ಮಾ" ಎಂದಳು. "ನೀ ಕೇಳದ ನಾ ಏನ ಹೇಳ್ಲಿ?"

ಏನು ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟಳು. ನಾನು ಕೇಳಿದೆ. ಶೇಂಗಾದ ಸಿಪ್ಪೆ ಕೊಡವಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ನಿಂತು ಜವಾಬು ಕೊಟ್ಟಳು.