ವ್ರತವೂ ಅಧಿಕಾರವೂ: ಸೆನೆಟರ್ ಹ್ಯಾಟ್‌ಫೀಲ್ಡ್ ಅವರ ಸಾರ್ವಜನಿಕ ಜೀವನ – ಒಂದು ವಿಮರ್ಶೆ

ಅಮೆರಿಕದ ಸಂವಿಧಾನವು ಯಾವ ಮತವನ್ನೂ ರಾಜ್ಯದ ಮತವೆಂದು ಅಂಗೀಕರಿಸುವುದಿಲ್ಲ. ಆದರೂ ದೇವರ ಹೆಸರನ್ನು ಅಷ್ಟು ಧಾರಾಳವಾಗಿ ಬಳಸುವ ರಾಜಕಾರಣ ಪ್ರಜಾಪ್ರಭುತ್ವ ದೇಶಗಳಲ್ಲಿ ವಿರಳವೆಂದೇ ಹೇಳಬೇಕು. ೧೯೫೩ರಲ್ಲಿ, ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ, ವಾಷಿಂಗ್ಟನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರಾರ್ಥನಾ ಉಪಾಹಾರ ಕೂಟ ಆರಂಭವಾಯಿತು. ಮರುವರ್ಷ ರಾಷ್ಟ್ರಧ್ವಜದ ಪ್ರತಿಜ್ಞೆಯಲ್ಲಿ ದೇವರ ಹೆಸರು ಸೇರಿತು. ೧೯೫೬ರಲ್ಲಿ ದೇವರಲ್ಲಿ ವಿಶ್ವಾಸವನ್ನು ಸಾರುವ ಮಾತು ರಾಷ್ಟ್ರದ ಘೋಷವಾಕ್ಯವೇ ಆಯಿತು. ೧೯೭೯ರಲ್ಲಿ ಪಾದ್ರಿ ಜೆರ್ರಿ ಫಾಲ್‌ವೆಲ್ ಅವರು ಮಾರಲ್ ಮೆಜಾರಿಟಿ ಎಂಬ ಸಂಸ್ಥೆಯನ್ನು ಕಟ್ಟಿದ ಮೇಲಂತೂ ಕ್ರೈಸ್ತಶ್ರದ್ಧೆಯೂ ಸಂಪ್ರದಾಯವಾದಿ ರಾಜಕಾರಣವೂ ಒಂದೇ ನಾಣ್ಯದ ಎರಡು ಮುಖಗಳೆಂಬ ಭಾವನೆ ಬೇರೂರಿತು.

ಈ ಭಾವನೆಗೆ ಒಳಗಿನಿಂದಲೇ ಅಪವಾದವಾಗಿ ನಿಂತವರು ಆರೆಗಾನ್ ರಾಜ್ಯದ ಮಾರ್ಕ್ ಹ್ಯಾಟ್‌ಫೀಲ್ಡ್. ೧೯೨೨ರಲ್ಲಿ ಜನಿಸಿ ೨೦೧೧ರಲ್ಲಿ ನಿಧನರಾದ ಇವರು ಬ್ಯಾಪ್ಟಿಸ್ಟ್ ಪಂಥದ ಶ್ರದ್ಧಾಳು. ಜೀವಮಾನವಿಡೀ ರಿಪಬ್ಲಿಕನ್ ಪಕ್ಷದವರು. ೧೯೫೯ರಿಂದ ಎಂಟು ವರ್ಷ ಆರೆಗಾನ್ ರಾಜ್ಯಪಾಲರಾಗಿ, ೧೯೬೭ರಿಂದ ೧೯೯೭ರವರೆಗೆ ಸೆನೆಟರಾಗಿ ಕೆಲಸ ಮಾಡಿದರು. (ಅಲ್ಲಿನ ರಾಜ್ಯಪಾಲರು ಚುನಾಯಿತ ಆಡಳಿತಗಾರರು, ನಮ್ಮ ಮುಖ್ಯಮಂತ್ರಿಯ ಅಧಿಕಾರವೇ ಅವರದು.) ಸೃಷ್ಟಿಕರ್ತನಾದ ದೇವರನ್ನು ಒಪ್ಪದ ನಮಗೆ ಈ ಚರ್ಚೆ ಹೊರಗಿನದೆಂದು ತೋರಬಹುದು. ಆದರೆ ಮನೆಯಲ್ಲಿ ಕೈಗೊಂಡ ವ್ರತವು ಕಚೇರಿಯ ಹೊಸ್ತಿಲನ್ನು ಎಷ್ಟರಮಟ್ಟಿಗೆ ದಾಟುತ್ತದೆ ಎಂಬ ಪ್ರಶ್ನೆ ಎಲ್ಲರದೂ ಹೌದು.

ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ತರುಣ ಅಧಿಕಾರಿಯಾಗಿ ಅವರು ಇವೋ ಜಿಮಾ, ಒಕಿನಾವಾ ಕಾಳಗಗಳಲ್ಲಿ ಭಾಗವಹಿಸಿದ್ದರು. ೧೯೪೫ರಲ್ಲಿ, ಅಣುಬಾಂಬು ಬಿದ್ದ ಕೆಲವೇ ವಾರಗಳ ಅನಂತರ, ಹಿರೋಷಿಮಾದ ಬೂದಿಯ ನಡುವೆ ನಡೆದಾಡಿದ ಮೊದಲ ಅಮೆರಿಕನ್ನರಲ್ಲಿ ಅವರೂ ಒಬ್ಬರು. ಅದೇ ವರ್ಷ ಫ್ರೆಂಚರ ಆಳ್ವಿಕೆಯಲ್ಲಿ ನಲುಗಿದ್ದ ವಿಯೆಟ್ನಾಮಿನ ಬಡತನವನ್ನೂ ಕಂಡರು. ಆದ್ದರಿಂದಲೇ ಅವರ ಯುದ್ಧವಿರೋಧವು ಪುಸ್ತಕದಿಂದ ಬಂದುದಲ್ಲ. ೧೯೬೬ರ ರಾಜ್ಯಪಾಲರ ಸಮ್ಮೇಳನದಲ್ಲಿ ವಿಯೆಟ್ನಾಂ ಯುದ್ಧವನ್ನು ಬೆಂಬಲಿಸುವ ನಿರ್ಣಯಕ್ಕೆ ವಿರುದ್ಧವಾಗಿ ಮತ ಹಾಕಿದವರು ಅವರೊಬ್ಬರೇ. ಸೇನೆಯನ್ನು ಅಲ್ಲಿಂದ ಹಿಂದೆಗೆಯಲು ಗಡುವು ವಿಧಿಸುವ ತಿದ್ದುಪಡಿಯನ್ನು ಡೆಮೊಕ್ರಾಟಿಕ್ ಪಕ್ಷದ ಜಾರ್ಜ್ ಮೆಕ್‌ಗವರ್ನ್ ಅವರೊಡನೆ ಮಂಡಿಸಿದರು. ೧೯೭೦ರ ಸೆಪ್ಟೆಂಬರಿನಲ್ಲಿ ಅದು ೩೯ಕ್ಕೆ ೫೫ ಮತಗಳಿಂದ ಬಿದ್ದುಹೋಯಿತು. ೧೯೯೧ರಲ್ಲಿ ಕೊಲ್ಲಿ ಯುದ್ಧಕ್ಕೆ ಸಮ್ಮತಿ ಕೇಳಿದಾಗ ಒಪ್ಪದಿದ್ದ ರಿಪಬ್ಲಿಕನ್ ಸೆನೆಟರು ಇಬ್ಬರೇ, ಅವರಲ್ಲೊಬ್ಬರು ಇವರು.

ಆದರೆ ಅವರ ನಿಷ್ಠೆಯನ್ನು ಅಳೆಯಲು ಮತಪಟ್ಟಿಗಿಂತ ೧೯೭೩ರ ಫೆಬ್ರವರಿ ೧ರ ಭಾಷಣವೇ ತಕ್ಕ ಸಾಧನ. ಪ್ಯಾರಿಸ್ ಒಪ್ಪಂದಕ್ಕೆ ಸಹಿಯಾಗಿ ಇನ್ನೂ ವಾರ ಕಳೆದಿರಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಅಧ್ಯಕ್ಷ ನಿಕ್ಸನ್, ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಇಬ್ಬರೂ ಆಸೀನರಾಗಿದ್ದರು. ಸ್ತುತಿಯನ್ನೇ ನಿರೀಕ್ಷಿಸಿದ್ದ ಆ ಸಭೆಯಲ್ಲಿ ಹ್ಯಾಟ್‌ಫೀಲ್ಡ್, ರಾಷ್ಟ್ರದ ಆತ್ಮಕ್ಕೆ ಯುದ್ಧದ ಪಾಪ ಅಂಟಿದೆಯೆಂದೂ ಪಶ್ಚಾತ್ತಾಪ ಅಗತ್ಯವೆಂದೂ ನುಡಿದರು. ತನ್ನ ಬುಡಕಟ್ಟನ್ನು ಮಾತ್ರ ಕಾಯುವ ಸಣ್ಣ ದೇವರನ್ನು ರಾಷ್ಟ್ರವು ತನಗಾಗಿ ಮಾಡಿಕೊಂಡರೆ ಅದು ಭಕ್ತಿಯಲ್ಲವೆಂದು ಎಚ್ಚರಿಸಿದರು. ೧೯೬೦ರಲ್ಲಿ ಇದೇ ನಿಕ್ಸನ್ನರ ಹೆಸರನ್ನು ಪಕ್ಷದ ಅಧಿವೇಶನದಲ್ಲಿ ಸೂಚಿಸಿದವರೂ ಇವರೇ ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿದೀತು. ವಿರೋಧಪಕ್ಷದವನು ಅದನ್ನೇ ಆಡಿದ್ದರೆ ಅದೊಂದು ಟೀಕೆ ಮಾತ್ರವಾಗುತ್ತಿತ್ತು.

ಶಾಲೆಗಳಲ್ಲಿ ಸರ್ಕಾರವೇ ಪ್ರಾರ್ಥನೆಯನ್ನು ವಿಧಿಸುವುದನ್ನು ಅವರು ಒಪ್ಪಲಿಲ್ಲ. ವಿದ್ಯಾರ್ಥಿಗಳು ತಾವಾಗಿ ಕೂಡಿದರೆ ಉಳಿದ ಸಂಘಗಳಿಗಿರುವ ಅವಕಾಶ ಧಾರ್ಮಿಕ ಸಂಘಕ್ಕೂ ಇರಲಿ ಎಂಬ ೧೯೮೪ರ ಕಾನೂನಿಗೆ ಶ್ರಮಿಸಿದರು. ಗರ್ಭಪಾತ, ಮರಣದಂಡನೆ, ಯುದ್ಧ – ಮೂರನ್ನೂ ಒಂದೇ ನ್ಯಾಯದಿಂದ ವಿರೋಧಿಸಿದ್ದರಿಂದ ಎಡದವರಿಗೂ ಬಲದವರಿಗೂ ಅವರು ಅರ್ಧ ಮಾತ್ರ ಬೇಕಾದವರಾದರು.

ಇಷ್ಟನ್ನು ಮೆಚ್ಚಿದ ಮೇಲೆ ಕಷ್ಟದ ಪ್ರಶ್ನೆಗಳಿಗೆ ಬರಬೇಕು. ೧೯೬೨ರ ಆಗಸ್ಟಿನಲ್ಲಿ ಆರೆಗಾನಿನಲ್ಲಿ ಒಬ್ಬ ಅಪರಾಧಿಗೆ ವಿಷಾನಿಲದ ಕೋಣೆಯಲ್ಲಿ ಮರಣದಂಡನೆಯಾಯಿತು. ಶಿಕ್ಷೆಯನ್ನು ತಗ್ಗಿಸುವ ಅಧಿಕಾರ ರಾಜ್ಯಪಾಲರಾದ ಹ್ಯಾಟ್‌ಫೀಲ್ಡರ ಕೈಯಲ್ಲಿತ್ತು, ಅವರು ತಗ್ಗಿಸಲಿಲ್ಲ. ವೈಯಕ್ತಿಕ ನಂಬಿಕೆಗಾಗಿ ಜನರು ಒಪ್ಪಿದ ಕಾನೂನನ್ನು ಬದಿಗೊತ್ತಲಾಗದೆಂಬುದು ಅವರ ನಿಲುವು. ೧೯೬೪ರ ನವೆಂಬರಿನಲ್ಲಿ ಜನರೇ ಮತದಾನದಿಂದ ಆ ಶಿಕ್ಷೆಯನ್ನು ರದ್ದುಗೊಳಿಸಿದಾಗ, ಕಾದಿದ್ದ ಮೂವರ ದಂಡನೆಯನ್ನು ಕೂಡಲೆ ತಗ್ಗಿಸಿದರು. ಪ್ರಮಾಣವಚನಕ್ಕೆ ಬದ್ಧನಾದ ಅಧಿಕಾರಿಯ ಸಂಕಟ ಅರ್ಥವಾಗುವಂಥದೇ. ಆದರೆ ಕ್ಷಮಾದಾನದ ಅಧಿಕಾರವನ್ನು ಕೊಟ್ಟುದೂ ಅದೇ ಕಾನೂನಲ್ಲವೆ? ಅದನ್ನು ಬಳಸಿದ್ದರೆ ಪ್ರಮಾಣ ಮುರಿಯುತ್ತಿರಲಿಲ್ಲ. ಮೇಲೆ ಬಿದ್ದ ಶತ್ರುವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಗೆ ನಮ್ಮ ಆಚಾರಗ್ರಂಥಗಳು ಗೃಹಸ್ಥನ ಮಟ್ಟಿಗೆ ಎಡೆಕೊಟ್ಟಿವೆ. ಕೈಕಟ್ಟಿ ಕೂರಿಸಿದವನ ಪ್ರಾಣ ತೆಗೆಯುವುದು, ನನ್ನ ಎಣಿಕೆಯಲ್ಲಿ, ಸಂಕಲ್ಪೀ ಹಿಂಸೆಯೇ. ವಿಯೆಟ್ನಾಮಿನ ವಿಷಯದಲ್ಲಿ ಬಹುಮತಕ್ಕೆದುರಾಗಿ ಒಂಟಿಯಾಗಿ ನಿಂತವರು, ನಾಲ್ಕು ವರ್ಷ ಹಿಂದೆ ತಮ್ಮದೇ ಲೇಖನಿಯಿಂದ ಆಗಬಹುದಾಗಿದ್ದನ್ನು ಜನಮತಕ್ಕೆ ಬಿಟ್ಟರು.

ಅರಣ್ಯಗಳ ಮಾತೂ ಇದೆ. ೧೯೮೪ರಲ್ಲಿ ಆರೆಗಾನಿನ ವಿಸ್ತಾರವಾದ ವನಪ್ರದೇಶವನ್ನು ರಕ್ಷಿಸಿದ ಶಾಸನಕ್ಕೆ ಕಾರಣರಾದವರೂ ಅವರೇ, ಕೇಂದ್ರದ ಅರಣ್ಯಗಳಲ್ಲಿ ಮರ ಕಡಿಯುವ ಉದ್ದಿಮೆಯ ಪರವಾಗಿ ವರ್ಷಾನುಗಟ್ಟಲೆ ಸೆನೆಟ್ಟಿನಲ್ಲಿ ನಿಂತವರೂ ಅವರೇ.

ಇನ್ನು ಪರಿಗ್ರಹದ ಪ್ರಶ್ನೆ. ೧೯೮೧ರಿಂದ ೧೯೮೭ರವರೆಗೆ, ಮತ್ತೆ ೧೯೯೫ರಿಂದ ಎರಡು ವರ್ಷ, ಸರ್ಕಾರದ ಹಣ ಎಲ್ಲಿಗೆ ಹರಿಯಬೇಕೆಂಬುದನ್ನು ನಿರ್ಧರಿಸುವ ಸೆನೆಟ್ ವಿನಿಯೋಗ ಸಮಿತಿಗೆ ಅವರು ಅಧ್ಯಕ್ಷರು. ಅಂಥ ಪೀಠದಲ್ಲಿರುವವರ ಮನೆಗೆ ಉಡುಗೊರೆಗಳು ತಾವಾಗಿ ದಾರಿ ಹುಡುಕಿಕೊಂಡು ಬರುತ್ತವೆ. ೧೯೮೪ರಲ್ಲಿ, ಆಫ್ರಿಕದ ತೈಲಕೊಳವೆ ಯೋಜನೆಗೆ ಇವರ ಬೆಂಬಲ ಬಯಸಿದ್ದ ಗ್ರೀಕ್ ವರ್ತಕನೊಬ್ಬನು ಇವರ ಪತ್ನಿಗೆ ಆಸ್ತಿವ್ಯವಹಾರದ ಶುಲ್ಕವೆಂದು ೫೫,೦೦೦ ಡಾಲರ್ ಕೊಟ್ಟುದು ಬಯಲಾಯಿತು. ಸೆನೆಟ್ಟಿನ ನೀತಿಸಮಿತಿ ಆ ವಿಷಯವನ್ನು ಕೈಬಿಟ್ಟಿತು. ಹ್ಯಾಟ್‌ಫೀಲ್ಡ್ ವಿಷಾದ ಸೂಚಿಸಿದರು. ೧೯೯೨ರಲ್ಲಿ ಹಾಗಾಗಲಿಲ್ಲ. ವಿಶ್ವವಿದ್ಯಾನಿಲಯವೊಂದರ ಮುಖ್ಯಸ್ಥರಿಂದಲೂ ಇತರರಿಂದಲೂ ಪಡೆದ, ಒಟ್ಟು ೪೦,೦೦೦ ಡಾಲರಿಗೂ ಮೀರಿದ ಉಡುಗೊರೆಗಳನ್ನು ನಿಯಮದಂತೆ ಘೋಷಿಸಲಿಲ್ಲವೆಂದು ಸಮಿತಿ ಅವರಿಗೆ ಛೀಮಾರಿ ಹಾಕಿತು. ಅವರು ತಪ್ಪನ್ನು ಒಪ್ಪಿಕೊಂಡರು.

ಇದನ್ನು ಲೆಕ್ಕಪತ್ರದ ಅಜಾಗ್ರತೆಯೆಂದು ಹಗುರಾಗಿಸುವ ಅಭಿಮಾನಿಗಳುಂಟು. ಹಾಗೆ ಹೇಳುವುದು ಅವರ ಶ್ರದ್ಧೆಗೇ ಅಗೌರವ. ಇಡೀ ರಾಷ್ಟ್ರವನ್ನು ಪ್ರಾಯಶ್ಚಿತ್ತಕ್ಕೆ ಕರೆದ ಕಣ್ಣು ಅಷ್ಟು ತೀಕ್ಷ್ಣವಾಗಿದ್ದಾಗ, ಗೋಡೆಗೆ ತೂಗುಹಾಕಿದ ಉಡುಗೊರೆಯ ಚಿತ್ರವನ್ನು ಕಾಣದೆ ಹೋದುದೇಕೆ? ಹಿಂಸೆಯ ವಿಷಯದಲ್ಲಿ ಎಚ್ಚರವಾಗಿದ್ದ ಮನಸ್ಸು ಸ್ನೇಹದ ರೂಪದಲ್ಲಿ ಬಂದ ಪರಿಗ್ರಹವನ್ನು ಗುರುತಿಸಲಿಲ್ಲವೆಂದೇ ನನಗೆ ತೋರುತ್ತದೆ. ದೇವಾಲಯದ ಟ್ರಸ್ಟುಗಳಲ್ಲಿ ಕುಳಿತವರು ಈ ಭಾಗವನ್ನು ನಿಧಾನವಾಗಿ ಓದಲಿ. ದಾನಿಯ ಸ್ನೇಹವೂ ಧರ್ಮದರ್ಶಿಯ ಸಹಿಯೂ ಒಂದೇ ಮೇಜಿನ ಮೇಲೆ ಸೇರುವ ಪ್ರಸಂಗ ವಾಷಿಂಗ್ಟನ್ನಿಗೆ ಮಾತ್ರ ಸೀಮಿತವಲ್ಲ.

ಆದರೂ ಛೀಮಾರಿ ಅವರ ಬೆನ್ನೆಲುಬನ್ನು ಬಾಗಿಸಲಿಲ್ಲ. ೧೯೯೫ರ ಮಾರ್ಚಿಯಲ್ಲಿ ಆಯವ್ಯಯವನ್ನು ಸರಿದೂಗಿಸಲೇಬೇಕೆಂಬ ಸಂವಿಧಾನ ತಿದ್ದುಪಡಿ ಸೆನೆಟ್ಟಿನ ಮುಂದೆ ಬಂದಾಗ, ಪಕ್ಷದಲ್ಲಿ ಅದನ್ನು ಒಪ್ಪದಿದ್ದವರು ಅವರೊಬ್ಬರೇ. ಖರ್ಚನ್ನು ಕಡಿಮೆ ಮಾಡುವ ಧೈರ್ಯವಿಲ್ಲದವರು ಸಂವಿಧಾನದ ಮರೆ ಹಿಡಿಯುತ್ತಿದ್ದಾರೆಂದು ಅವರ ವಾದ. ತಿದ್ದುಪಡಿ ಒಂದು ಮತದಿಂದ ಸೋಲುವುದೆಂದು ಅರಿತು, ಬೇಕಾದರೆ ಸ್ಥಾನಕ್ಕೇ ರಾಜೀನಾಮೆ ಕೊಡುತ್ತೇನೆ, ಮತವನ್ನು ಮಾತ್ರ ಬದಲಿಸಲಾರೆ ಎಂದು ಪಕ್ಷದ ನಾಯಕ ಬಾಬ್ ಡೋಲ್ ಅವರಿಗೆ ತಿಳಿಸಿದರು. ಡೋಲ್ ಒಪ್ಪಲಿಲ್ಲ. ಪಕ್ಷದ ಕಿರಿಯ ಸೆನೆಟರು ಅವರನ್ನು ಸಮಿತಿಯ ಅಧ್ಯಕ್ಷಪೀಠದಿಂದ ಇಳಿಸಲು ಸಭೆ ಕರೆದರು, ಅದೂ ಕೈಗೂಡಲಿಲ್ಲ. ೧೯೯೬ರಲ್ಲಿ ಅವರು ಮರುಚುನಾವಣೆಗೆ ನಿಲ್ಲಲಿಲ್ಲ.