ಶ್ರೀರಂಗಪಟ್ಟಣದ ಕ್ರೈಸ್ತ ಬಂಧಿಗಳೂ ಅಬ್ಬೆ ದುಬ್ವಾರ ತೀರ್ಪೂ

ಅಬ್ಬೆ ದುಬ್ವಾರವರನ್ನು ನಮ್ಮವರು ಹಿಂದೂ ಆಚಾರಗಳ ಗ್ರಂಥಕರ್ತರೆಂದು ಬಲ್ಲರು. 1823ರಲ್ಲಿ ಅವರು ಪ್ರಕಟಿಸಿದ ಪತ್ರಗಳನ್ನು ಓದುವವರು ವಿರಳ. ಮಂಗಳೂರು ಸೀಮೆಯಿಂದ 1784ರಲ್ಲಿ ಟಿಪ್ಪೂ ಸುಲ್ತಾನನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ ಕ್ರೈಸ್ತರ ವಿಷಯದಲ್ಲಿ ಆ ಪತ್ರಗಳಲ್ಲಿರುವ ತೀರ್ಪು ಅತಿ ಕಠಿಣವಾದದ್ದು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ತನ್ನ ಮತವನ್ನು ಧೈರ್ಯದಿಂದ ಸಾರಿ ಪ್ರಾಣ ಬಿಡಲಿಲ್ಲವೆಂದೂ, ಎಲ್ಲರೂ ಪ್ರತಿಭಟನೆಯಿಲ್ಲದೆ ಮತಭ್ರಷ್ಟರಾದರೆಂದೂ ಅವರು ಧಿಕ್ಕರಿಸುತ್ತಾರೆ. ಈ ವಾಕ್ಯವು ಪ್ರಮಾಣವೆ ಎಂಬುದು ವಿಚಾರಣೀಯವಾಗಿದೆ.

ಮೊದಲನೆಯದಾಗಿ, ದುಬ್ವಾರವರು ಪ್ರತ್ಯಕ್ಷಸಾಕ್ಷಿಗಳಲ್ಲ. ಅವರು ಭಾರತಕ್ಕೆ ಬಂದುದು 1792ರಲ್ಲಿ. ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದುದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಬಂಧನದ ಕಾಲದಲ್ಲಿ ಅಲ್ಲಿಯೇ ಇದ್ದವನು ಜೇಮ್ಸ್ ಸ್ಕರಿ ಎಂಬ ಆಂಗ್ಲ ಸೆರೆಯಾಳು. 1824ರಲ್ಲಿ ಅಚ್ಚಾದ ಅವನ ವೃತ್ತಾಂತದಲ್ಲಿ, ಹೆಣ್ಣುಮಕ್ಕಳನ್ನು ಅಂತಃಪುರಕ್ಕೆ ಒಪ್ಪಿಸಲೊಲ್ಲದ ಕ್ರೈಸ್ತ ತಂದೆಯರ ಕಿವಿ ಮೂಗು ಮೇಲ್ದುಟಿಗಳನ್ನು ಕೊಯ್ಯಿಸಿ ಕತ್ತೆಗಳ ಮೇಲೆ ಮೆರೆಸಿದ ಸಂಗತಿಯುಂಟು. ಇದು ಪ್ರತಿಭಟನೆಯಲ್ಲದೆ ಮತ್ತೇನು? ಸ್ಕರಿಯ ಮಾತನ್ನೂ ತೂಗಿಯೇ ಸ್ವೀಕರಿಸಬೇಕು. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವುದು ಅಂದಿನ ಆಂಗ್ಲರಿಗೆ ಅನುಕೂಲವಾಗಿತ್ತು. ಬಂಧನಕ್ಕೆ ಆಂಗ್ಲರ ಪಕ್ಷ ವಹಿಸಿದರೆಂಬ ಶಂಕೆಯೂ ಕಾರಣ. ಇದೇ ಸುಲ್ತಾನನು ಶೃಂಗೇರಿಯ ಮಠಕ್ಕೆ ನೆರವಿತ್ತವನು. ಸಂಖ್ಯೆಯಲ್ಲಿಯೂ ಸ್ಕರಿಯು 30,000 ಎಂದರೆ ಸುಲ್ತಾನನ ಕಡೆಯ ಚರಿತ್ರೆಯೇ 60,000 ಎನ್ನುತ್ತದೆ. ಆದರೆ ತಾನೂ ಬಲಾತ್ಕಾರದಿಂದ ಸುನ್ನತಿಗೆ ಒಳಗಾದ ಸ್ಕರಿಗೆ ಈ ತಂದೆಯರನ್ನು ಹೊಗಳುವ ಪ್ರಯೋಜನವೇನೂ ಇರಲಿಲ್ಲ.

ಎರಡನೆಯದಾಗಿ, ದುಬ್ವಾರವರ ವಾಕ್ಯವನ್ನು ಅವರ ಮುಂದಿನ ವಾಕ್ಯವೇ ಬಾಧಿಸುತ್ತದೆ. ಟಿಪ್ಪುವಿನ ಪತನವಾದೊಡನೆ ಇವರಲ್ಲಿ ಬಹುಜನರು ಮರಳಿ ಬಂದು, ತಮ್ಮ ತ್ಯಾಗವು ಹೊರಗಿನದಷ್ಟೇ, ಒಳಗೆ ನಂಬಿಕೆಯನ್ನು ಉಳಿಸಿಕೊಂಡಿದ್ದೆವು ಎಂದು ಹೇಳಿದರಂತೆ. ಸುಮಾರು 2,000 ಜನ ತಮ್ಮ ಬಳಿಗೇ ಬಂದರೆಂದೂ, 20,000ದಷ್ಟು ಜನ ಮಂಗಳೂರಿಗೆ ಹಿಂದಿರುಗಿದರೆಂದೂ ಅವರೇ ಬರೆಯುತ್ತಾರೆ. ಹದಿನೈದು ವರ್ಷ ದೇವಾಲಯವಿಲ್ಲದೆ, ಗುರುವಿಲ್ಲದೆ, ಬೇರೆ ಹೆಸರಿನಿಂದ ಬದುಕಿದವರು ಮೊದಲ ಅವಕಾಶದಲ್ಲಿಯೇ ಹಿಂದಿರುಗುವುದು ಮತಭ್ರಷ್ಟರ ಲಕ್ಷಣವಲ್ಲ.

ಹಾಗಾದರೆ ಇಷ್ಟು ಬಲ್ಲವರು ಅಂಥ ನಿಂದೆಯನ್ನು ಏಕೆ ಬರೆದರು? ಮೀಮಾಂಸಕರ ಕ್ರಮದಲ್ಲಿ ಓದಿದರೆ ಉತ್ತರ ಸಿಕ್ಕುತ್ತದೆ. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಅಸಾಧ್ಯವೆಂಬುದೇ ಆ ಪತ್ರಗಳ ಪ್ರತಿಪಾದ್ಯ. ಬಂಧಿಗಳ ನಿಂದೆಯು ಅದಕ್ಕೆ ಅಂಗವಾದ ಅರ್ಥವಾದ. ಅದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ. ಇದನ್ನು ಚರಿತ್ರೆಯ ವಿಧಿವಾಕ್ಯವೆಂದು ಎತ್ತಿಕೊಂಡವರೇ ತಪ್ಪಿದರು.

ಬಲಾತ್ಕಾರಕ್ಕೆ ಮಣಿದವನ ಸ್ಥಾನವೇನೆಂಬುದು ಹಳೆಯ ಪ್ರಶ್ನೆ. ಬಲದಿಂದ ಮಾಡಿಸಿದ್ದನ್ನು ಮಾಡದಂತೆಯೇ ಎಣಿಸಬೇಕೆಂದು ಮನುವಿನ ಎಂಟನೆಯ ಅಧ್ಯಾಯದ ನಿರ್ಣಯ. ಮ್ಲೇಚ್ಛರ ಸೆರೆಗೆ ಸಿಕ್ಕಿದವರಿಗೆ ದೇವಲಸ್ಮೃತಿಯು ಪ್ರಾಯಶ್ಚಿತ್ತವನ್ನಿತ್ತು ಒಳಗೆ ಕರೆದುಕೊಳ್ಳುತ್ತದೆ. ಕ್ರಿ. ಶ. 251ರಲ್ಲಿ ಕಾರ್ಥೇಜಿನ ಸಿಪ್ರಿಯಾನನು, ಡೀಸಿಯಸ್ ಚಕ್ರವರ್ತಿಯ ಪೀಡನೆಗೆ ಮಣಿದ ಕ್ರೈಸ್ತರ ಬಗೆಗೆ ಬರೆದಾಗ, ಪಶ್ಚಾತ್ತಾಪದ ಬಾಗಿಲನ್ನು ಮುಚ್ಚಲಿಲ್ಲ. ದುಬ್ವಾರ ಲೇಖನಿಯು ಇವರೆಲ್ಲರಿಗಿಂತ ನಿಷ್ಠುರ. ಅವರ ನಡತೆ ಹಾಗಲ್ಲ. ಮರಳಿ ಬಂದವರನ್ನು ಅವರು ತಿರಸ್ಕರಿಸಲಿಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನ ಇಗರ್ಜಿಯು ಇಂದಿಗೂ ನಿಂತಿದೆ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.